ಸಾಕು ಎಂಬ ಹೆಸರು

ಮಾರ್ಚ್ ೧೨, ಮಂಗಳವಾರ

ಹೆಸರು ಬದಲಾಯಿಸುವ ಅರ್ಜಿಗೆ ಸಾಕ್ಷಿ ಸಹಿ ಹಾಕಿಸಲು ಇವತ್ತು ಸೋದರತ್ತೆಯ ಮನೆಗೆ ಹೋಗಿದ್ದೆ. ನಾಲ್ಕನೆಯದೂ ಹೆಣ್ಣಾಯಿತೆಂದು ಬೇಸತ್ತು ಅಪ್ಪ ನನಗೆ 'ಸಾಕು' ಎಂದು ಹೆಸರಿಟ್ಟರೆಂದೇ ನಲವತ್ತು ವರ್ಷ ನಂಬಿದ್ದೆ. ಶಾಲೆಯಲ್ಲಿ ಹಾಜರಿ ಕೂಗಿದಾಗಲೆಲ್ಲ ತಲೆ ತಗ್ಗಿಸಿದ್ದೆ.

ನಾನು ಕಾರಣ ಹೇಳುತ್ತಲೇ ಅತ್ತೆ ಪೆನ್ನು ಕೆಳಗಿಟ್ಟರು. "ಯಾರೇ ಹೇಳಿದ್ದು ನಿಂಗೆ? ಏಳು ತಿಂಗಳಿಗೇ ಹುಟ್ಟಿದ್ದೆ ನೀನು, ಅಂಗೈಯಷ್ಟಿದ್ದೆ. ಡಾಕ್ಟ್ರೂ ಕೈಚೆಲ್ಲಿದ್ರು. ನಿಮ್ಮಪ್ಪ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು, 'ಇದೊಂದು ಉಳಿದ್ರೆ ಸಾಕು' ಅಂತ ಮೂರು ದಿನ ಜಪ ಮಾಡಿದ. ಅದೇ ಹೆಸರಾಯ್ತು."

ಅರ್ಜಿಯನ್ನು ಅಲ್ಲೇ ಹರಿದೆ. ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. "ಊಟ ಆಯ್ತಾ ಅಪ್ಪಾ?" ಎಂದಷ್ಟೇ ಕೇಳಿದೆ.

"ಆಯ್ತು ಸಾಕು, ನಿಂದು?" ಎಂದರು.

ಎಷ್ಟು ಮೆತ್ತಗೆ ಕರೆಯುತ್ತಾರೆ! ಇಷ್ಟು ವರ್ಷ ನನಗದು ಕೇಳಿಸಿರಲೇ ಇಲ್ಲ.