ಆಷಾಢದ ಒಂಬತ್ತು ದಿನಗಳ ಮಳೆ

ಹೊಸನಗರ
೧೪ ಆಗಸ್ಟ್ ೧೯೮೬

ಪ್ರೀತಿಯ ಮಗಳು ವಾಗ್ದೇವಿಗೆ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಪುಣೆಯ ಊಟ ಒಗ್ಗಿತೇ? ಅಮ್ಮ ಕಳುಹಿಸಿದ ಕಷಾಯದ ಪುಡಿಯನ್ನು ಬಿಸಿನೀರಿಗೇ ಹಾಕಿ ಕುಡಿ. ಚಹಾಕ್ಕೆ ಬೆರೆಸುವ ಉಪಾಯ ಬೇಡ. ಇಲ್ಲಿ ಎಲ್ಲರೂ ಕ್ಷೇಮ.

ನಿನ್ನ ಪತ್ರವನ್ನು ಹಲವು ಬಾರಿ ಓದಿದೆ. ಇನ್ನೂ ಹಾರಿಸದ ಉಪಗ್ರಹವೊಂದು ಏನನ್ನು ಕಂಡೀತೆಂದು ಮೊದಲೇ ಲೆಕ್ಕಹಾಕುವ ನಿಮ್ಮ ಕೆಲಸ ಮೊದಲಿಗೆ ನನಗೆ ರುಚಿಸಲಿಲ್ಲವೆಂಬುದನ್ನು ಮುಚ್ಚಿಡಲಾರೆ. ಗಣಕಯಂತ್ರದೊಳಗೆ ಒಂದು ಮಳೆಗಾಲವನ್ನು ನಡೆಸಿ, ಅದನ್ನೇ ನಿಜವೆಂದು ಇಟ್ಟುಕೊಂಡು, ಇಲ್ಲದ ಉಪಗ್ರಹ ಅದನ್ನು ನೋಡಿತೆಂದು ಭಾವಿಸಿ, ಆ ಅಂಕಿಗಳಿಗೆ ಬೇಕೆಂದೇ ಅಷ್ಟಿಷ್ಟು ತಪ್ಪು ಬೆರೆಸಿ, ಅವುಗಳಿಂದ ಮುನ್ಸೂಚನೆ ಸುಧಾರಿಸುತ್ತದೆಯೇ ಎಂದು ನೋಡುವುದು! ಮತ್ತೆ ಓದಿದಾಗ ಅರ್ಥವಾಯಿತು: ಅಷ್ಟು ದೊಡ್ಡ ಯಂತ್ರವನ್ನು ಮೇಲಕ್ಕೆ ಕಳುಹಿಸುವ ಮೊದಲು ಅದರಿಂದ ಪ್ರಯೋಜನವುಂಟೇ ಎಂದು ಅರಿಯಲು ಬೇರೆ ದಾರಿಯಿಲ್ಲ. ಕಲ್ಪಿಸಿದ್ದನ್ನು ಕಲ್ಪಿಸಿದ್ದೆಂದೇ ಹೇಳಿ ಮುಂದುವರಿಯುತ್ತೀರಿ. ಪ್ರಾಮಾಣಿಕ ಕೆಲಸ.

ಈಗ ಕೊನೆಯ ಪುಟದ ಮಾತಿಗೆ ಬರುತ್ತೇನೆ. ಯಂತ್ರದ ಮಳೆಗಾಲ ನಿಜವಾದುದನ್ನು ಹೋಲುತ್ತದೆಯೇ ಎಂದು ತಾಳೆ ನೋಡಲು ೧೯೭೯ರ ಜುಲೈ ತಿಂಗಳನ್ನು ಆರಿಸಿಕೊಂಡಿರುವೆ. ಅದರಲ್ಲಿ ಹತ್ತರಿಂದ ಹದಿನೆಂಟರವರೆಗೆ ಮಲೆನಾಡಿನ ಎಲ್ಲ ಕೇಂದ್ರಗಳಿಗಿಂತ ನನ್ನ ಮಳೆಮಾಪಕದ ಅಂಕಿಗಳೇ ಚೆನ್ನಾಗಿ ಹೊಂದಿದವೆಂದು ಹಿಗ್ಗಿ ಬರೆದಿರುವೆ. ಇಪ್ಪತ್ತೈದರ ಸಭೆಯಲ್ಲಿ ಅದನ್ನೇ ತೋರಿಸುವೆಯಂತೆ. ತೋರಿಸಬೇಡ ಮಗಳೇ. ಆ ಒಂಬತ್ತು ದಿನ ಇಲ್ಲಿ ಯಾರೂ ಮಳೆಯನ್ನು ಅಳೆಯಲಿಲ್ಲ.

ಆಗ ಅಮ್ಮನಿಗೆ ವಿಷಮಶೀತಜ್ವರ, ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿದ್ದೆವು. ಮೈಸೂರಿನಲ್ಲಿ ಓದುತ್ತಿದ್ದ ನೀನು ಗಾಬರಿಯಾಗಬಾರದೆಂದು ತಿಳಿಸಲಿಲ್ಲ. ಮಾಪಕವನ್ನು ನೋಡಿಕೊಳ್ಳೆಂದು ಪಕ್ಕದ ಮನೆಯ ಕೆರಿಯಪ್ಪನಿಗೆ ಹೇಳಿಹೋಗಿದ್ದೆ. ಬಂದು ನೋಡಿದರೆ ಮಾಪಕದೊಳಗೆ ಮಳೆನೀರು ಸೇರುವ ಶೀಸೆ ಬೂದಿಯಲ್ಲಿ ತಿಕ್ಕಿಸಿಕೊಂಡು ಥಳಥಳಿಸುತ್ತಿತ್ತು. "ನೋಡ್ಕೋ ಅಂದಿದ್ರಲ್ಲ ಮೇಷ್ಟ್ರೇ, ಒಂದಿನಾನೂ ನೀರು ನಿಲ್ಲಕ್ಕೆ ಬಿಡ್ಲಿಲ್ಲ. ದಿನಾ ಚೆಲ್ಲಿ ತೊಳ್ದಿಟ್ಟೀನಿ," ಎಂದ. ಅವನನ್ನು ಬೈಯುವುದಾದರೂ ಹೇಗೆ? ನಮ್ಮ ದನಗಳಿಗೆ ಅಷ್ಟೂ ದಿನ ಹುಲ್ಲು ಹಾಕಿದವನೂ ಅವನೇ. "ಅಳೆದಿಲ್ಲ" ಎಂದು ಬರೆಯಬೇಕಿತ್ತು. ಹದಿನೈದು ವರ್ಷ ಒಂದು ದಿನವನ್ನೂ ಖಾಲಿ ಬಿಟ್ಟಿಲ್ಲವೆಂಬ ಜಂಬ ಬರೆಯಗೊಡಲಿಲ್ಲ. ತಿಂಗಳ ವರದಿ ಕಳುಹಿಸುವ ದಿನ, ಆಷಾಢಕ್ಕೆ ಒಪ್ಪುವಂತೆ ಏರಿಸಿ ಇಳಿಸಿ ಒಂಬತ್ತು ಅಂಕಿ ತುಂಬಿದೆ. ನಿಜದ ಮಳೆ ಅಷ್ಟು ನಯವಾಗಿ ಏರಿಳಿಯದು. ನಿನ್ನ ಯಂತ್ರಕ್ಕೂ ನನಗೂ ಹೊಂದಿಕೆಯಾದದ್ದು ಅದಕ್ಕೇ ಇರಬೇಕು.

ಅಮ್ಮನಿಗೆ ಇಂದು ಬೆಳಿಗ್ಗೆ ಹೇಳಿದೆ. "ಸಾರಿಗೆ ಒಂದು ಹರಳು ಉಪ್ಪು ಹೆಚ್ಚಾದ್ರೆ ನನ್ನ ವಿಚಾರಣೆ ಮಾಡೋರು, ಆಕಾಶದ ಲೆಕ್ಕ ಹಿಂಗೆ ಬರೆದ್ರಾ?" ಎಂದಳು. ಆಮೇಲೆ ತಾನೇ ಕಾಗದ, ಲೇಖನಿ ತಂದಿಟ್ಟಳು.

ಮಳೆಯಲ್ಲಿ ನೆನೆಯಬೇಡ. ನಿನ್ನ ಶ್ರಮಕ್ಕೆ ತಕ್ಕ ಫಲ ದೊರೆಯಲೆಂದು ಹರಸುವ,

ನಿನ್ನ ಅಪ್ಪ,
ಮಂಜುನಾಥಪ್ಪ

ತಾ.ಕ.: ಟಪಾಲಿನ ಬಸ್ಸಿಗೆ ಹೊತ್ತಾಯಿತು. ಸಭೆಯಲ್ಲಿ ಯಾರಾದರೂ ಕೇಳಿದರೆ ನನ್ನ ಹೆಸರನ್ನೇ ಹೇಳು. ಅಮ್ಮನ ಜ್ವರವನ್ನಾಗಲಿ ಕೆರಿಯಪ್ಪನನ್ನಾಗಲಿ ನೆಪ ಮಾಡಬೇಡ. ಮಳೆಯ ಅಂಕಿಅಂಶ ಇಡುವ ಕಚೇರಿಗೂ ಇದೇ ವಿಷಯ ಬರೆದು ಜೊತೆಯಲ್ಲೇ ಹಾಕುತ್ತಿದ್ದೇನೆ. ಅವರು ಬಂದು ಮಾಪಕವನ್ನು ಕಿತ್ತುಕೊಂಡು ಹೋಗಬಹುದು. ಬರುವವರೆಗೆ ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆಯುತ್ತಿರುತ್ತೇನೆ.