ಶನಿವಾರದ ಮ್ಯೂಸಿಯಂ

ಜುಲೈ 8, ಸೋಮವಾರ

ಇವರಿಗೆ ಗಂಜಿ ಕುಡಿಸಿ, ಬಲಗೈ ತಿಕ್ಕಿ, ಶರ್ಟ್ ಹಾಕಿಸುವಷ್ಟರಲ್ಲಿ ಬಸ್ ಹೋಯಿತು. ಹಗಲು ನೋಡಿಕೊಳ್ಳುವ ಅಮೃತಮ್ಮ ಬಂದ ಮೇಲೆ ಕುಕ್ ಟೌನಿನಿಂದ ಆಟೋ.

ಮೂರನೇ ಪೀರಿಯಡ್, ಎಂಟನೇ ಬಿ. ಇತಿಹಾಸ. ನನ್ನದು ಗಣಿತ. ಇತಿಹಾಸ ಇವರದು. ಸ್ಟ್ರೋಕ್ ಆಗುವವರೆಗೂ ಇದೇ ಶಾಲೆಯಲ್ಲಿ, ಇದೇ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದವರು. ಬೇರೆಯವರು ಸಿಗುವ ತನಕ ನೀವೇ ನೋಡಿಕೊಳ್ಳಿ ಎಂದಿದ್ದಾರೆ ಹೆಡ್‌ಮಾಸ್ಟರ್ ಅಮರಪ್ಪ. ಪುಸ್ತಕ ಓದಿಸಿದೆ. ಮಕ್ಕಳು ಆಕಳಿಸಿದರು. ನಾನೂ.

ಸ್ಮಾರ್ಟ್ ಟಿವಿ ಗೋಡೆಯಲ್ಲಿ ಸುಮ್ಮನೆ ಧೂಳು ತಿನ್ನುತ್ತಿತ್ತು. ದೆಹಲಿಯ ಒಂದು ಮ್ಯೂಸಿಯಂನ ವೆಬ್‌ಸೈಟ್ ತೆರೆದೆ. ಬಾಣದ ಗುರುತು ಒತ್ತಿದರೆ ಒಳಗೆ ನಡೆದು ಹೋದ ಹಾಗೆ... ಒಂದು ಕೋಣೆ, ಆಮೇಲೆ ಇನ್ನೊಂದು. ಕ್ಲಾಸು ಗಪ್‌ಚುಪ್. ಸಕ್ಲೇನ್ ಎದ್ದು ಕೇಳಿದ: "ಮಿಸ್, ಆ ಮೂಗು ಮುರಿದಿರೋದು ಯಾರ್ದು?"

ಗೊತ್ತಿಲ್ಲ ಎಂದೆ.

ಜುಲೈ 9

ಸಂಜೆ ಅದೇ ವಿಗ್ರಹವನ್ನು ಟ್ಯಾಬ್‌ನಲ್ಲಿ ಇವರಿಗೆ ತೋರಿಸಿದೆ. ಆಸ್ಪತ್ರೆಯಿಂದ ಬಂದಾಗಿನಿಂದ ಇವರ ಬಾಯಲ್ಲಿ ಒಂದೇ ಮಾತು — "ಅದು". ನೀರಿಗೂ ಅದು, ದಿಂಬಿಗೂ ಅದು, ನನಗೂ ಅದು.

ಎಡಗೈ ಬೆರಳು ಪರದೆಯ ಮೇಲಿಟ್ಟರು. ತುಟಿ ಅಲುಗಿತು. "ಗಾಂ... ಗಾಂಧಾರ."

ಚಹಾ ಲೋಟ ಕೈಯಲ್ಲೇ ಉಳಿಯಿತು.

ಜುಲೈ 12

ಸ್ಪೀಚ್ ಥೆರಪಿಸ್ಟ್ ಶೀತಲ್ ಬಂದಿದ್ದಳು. ಎಲ್ಲ ಹೇಳಿದೆ.

"ತುಂಬ ವರ್ಷ ಆಡಿರೋ ಮಾತು ಕೆಲವ್ರಿಗೆ ಮೊದ್ಲು ವಾಪಸ್ ಬರುತ್ತೆ ಆಂಟಿ. ನೀವು ಮಾತ್ರ ಅರ್ಧಕ್ಕೇ ಹೇಳ್ಕೊಡ್ಬೇಡಿ. ಕಾಯಿರಿ."

"ನನ್ನ ಹೆಸರು?"

"ಟೆಸ್ಟ್ ಮಾಡೋಕೆ ಹೋಗ್ಬೇಡಿ."

ಮಥುರಾ ಬರುತ್ತದೆ. ಕುಶಾಣ ಬರುತ್ತದೆ. ವಿಮಲಾ ಬರುವುದಿಲ್ಲ. ಕಲ್ಲಿನ ಮೇಲೆ ಹೊಟ್ಟೆಕಿಚ್ಚು ಪಡುವ ವಯಸ್ಸೇ ನನ್ನದು? ಅಡುಗೆಮನೆಗೆ ಹೋಗಿ ಅತ್ತು ಬಂದೆ.

ಜುಲೈ 24

ದಿನಾ ಸಂಜೆ ಇಬ್ಬರಿಗೂ ಮ್ಯೂಸಿಯಂ. ನಿನ್ನೆ ನನ್ನ ಸ್ಕೂಲ್ ಬ್ಯಾಗು ತೋರಿಸಿದರು, ಆಮೇಲೆ ತಮ್ಮ ಎದೆ. "ಕ್ಲಾಸ್... ಕ್ಲಾಸ್."

ಇವರು ಮನೆಯಿಂದಲೇ ವಿಡಿಯೊದಲ್ಲಿ ಪಾಠ ಮಾಡಲಿ ಎಂದು ಇವತ್ತು ಕೇಳಿದೆ. ಅಮರಪ್ಪನವರು ಮೊದಲು ಒಪ್ಪಲಿಲ್ಲ. "ಮಕ್ಕಳು ನಕ್ಬಿಟ್ರೆ ಸಿದ್ಧಲಿಂಗೇಶ್ ಅವ್ರಿಗೆ ತಡ್ಕೊಳಕ್ಕಾಗುತ್ತಾ ಮೇಡಂ?"

"ಗೋಡೆ ನೋಡ್ಕೊಂಡು ಕೂತಿರೋದನ್ನ ತಡ್ಕೊಂಡಿದಾರಲ್ಲ ಸರ್."

ಟೈಮ್‌ಟೇಬಲ್ ಎಳೆದುಕೊಂಡು ನೋಡಿ, ಶನಿವಾರದ ಕೊನೆಯ ಪೀರಿಯಡ್ ಕೊಟ್ಟರು.

ಜುಲೈ 27, ಶನಿವಾರ

ಮನೆಯಲ್ಲಿ ಅಮೃತಮ್ಮ ಫೋನ್ ಹಿಡಿದು ಕೂತಿದ್ದಳು. ಕ್ಲಾಸಿನ ಮೇಜಿನ ಮೇಲೆ ನಿಲ್ಲಿಸಿದ ನನ್ನ ಫೋನಿನಲ್ಲಿ, ವಿಡಿಯೊ ಕಾಲ್‌ನಲ್ಲಿ ಇವರು, ಇಸ್ತ್ರಿ ಮಾಡಿದ ಶರ್ಟು. ಕ್ಲಾಸಿನ ಟಿವಿಯಲ್ಲೂ ಮನೆಯಲ್ಲಿ ಇವರ ಮುಂದಿನ ಟ್ಯಾಬ್‌ನಲ್ಲೂ ಗಾಂಧಾರದ ಬುದ್ಧ.

"ಇದು... ಇದು..."

ಮುಂದೆ ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ರೇವತಿ ತಡೆಯಲಾರದೆ, "ಬುದ್ಧ ಅಲ್ರೀ ಸರ್?" ಎಂದುಬಿಟ್ಟಳು. ಸಿಂಧನೂರು ಕಡೆಯ ಹುಡುಗಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಇವರ ಮುಖ ಬಾಡಿತು. ಸಾಕು ಎನ್ನುವಂತೆ ಕೈ ಆಡಿಸಿದರು.

ಸಕ್ಲೇನ್ ಎದ್ದು ನಿಂತ. "ಸರ್, ಬೆಲ್ ಆಗೋಕೆ ಇನ್ನೂ ಟೈಮ್ ಐತೆ ಸರ್. ನಾವು ಕೂತಿರ್ತೀವಿ."

ಕೂತರು. ಇಡೀ ಕ್ಲಾಸು, ಸದ್ದಿಲ್ಲದೆ. ಹೊರಗೆ ಬಸ್ಸುಗಳ ಹಾರ್ನ್ ಮಾತ್ರ.

ಬಹಳ ಹೊತ್ತಾದ ಮೇಲೆ ಟ್ಯಾಬ್‌ನಲ್ಲಿದ್ದ ಬುದ್ಧನ ಬಟ್ಟೆಯ ನೆರಿಗೆ ತೋರಿಸಿ ಅಂದರು: "ಯಾಕೆ?"

ನನಗೆ ಅರ್ಥವಾಗಲಿಲ್ಲ. ಮಕ್ಕಳಿಗೆ ಆಯಿತು. ಇವರು ಪಾಠ ಮಾಡುತ್ತಿದ್ದದ್ದೇ ಹಾಗಂತೆ, ಪ್ರಶ್ನೆ ಕೇಳಿ ಕೇಳಿ.

"ನಮ್ಮ ಕಡಿ ಮೂರ್ತಿಗೆ ಇಷ್ಟು ನೆರಿಗಿ ಇರಂಗಿಲ್ರೀ. ಅಲ್ಲಿ ಚಳಿ ಭಾಳ ಏನ್ರಿ ಸರ್?" ಎಂದಳು ರೇವತಿ.

"ಚಳಿ ಅಲ್ಲ, ಗ್ರೀಕ್‌ನವ್ರು ಬಂದಿದ್ರಲ್ಲ, ಅವ್ರ ಸ್ಟೈಲು," ಎಂದ ಸಕ್ಲೇನ್.

ವಾದ ಶುರುವಾಯಿತು. ಇವರು ತಲೆಯಾಡಿಸುತ್ತ ಕೇಳಿದರು. ಬೆಲ್ ಆದದ್ದು ಯಾರಿಗೂ ಗೊತ್ತಾಗಲಿಲ್ಲ.

ಮನೆಗೆ ಬಂದಾಗ ಅದೇ ಶರ್ಟಿನಲ್ಲಿ ನಿದ್ದೆ ಹೋಗಿದ್ದರು. ಬಿಚ್ಚಿಸಲಿಲ್ಲ.

ಆಗಸ್ಟ್ 17

ಆಮೇಲಿನ ಮೂರೂ ಶನಿವಾರ ಪಾಠ ಆಯಿತು. ಎ ಸೆಕ್ಷನ್ ಮಕ್ಕಳು ಕಿಟಕಿಯಲ್ಲಿ. ಇವತ್ತು ಬೆಳಗ್ಗೆ "ನೀರು" ಎಂದು ಕೇಳಿ ಕುಡಿದರು. ರಸೆಲ್ ಮಾರುಕಟ್ಟೆಗೆ ಹೋಗಿ ಇವರಿಗಿಷ್ಟದ ಸೀತಾಫಲ ತಂದೆ. ಬೀಜ ತೆಗೆದು ತೆಗೆದು ತಿನ್ನಿಸಿದೆ.

ಸೆಪ್ಟೆಂಬರ್ 21, ಶನಿವಾರ

ನಾಣ್ಯದ ಕೋಣೆ ಮುಗಿಯಿತು. "ಮುಂದಿನ... ವಾರ" ಎಂದರು ಮಕ್ಕಳಿಗೆ. ಎರಡು ಮಾತು ಕೂಡಿಸಿ. ಶೀತಲ್‌ಗೆ ಮೆಸೇಜ್ ಹಾಕಿದೆ.

ಅಕ್ಟೋಬರ್ 9

ಬರೆಯಬೇಕು.

ಕಳೆದ ತಿಂಗಳು ಇಪ್ಪತ್ತೈದರ ಬೆಳಗ್ಗೆ ಮತ್ತೆ ಸ್ಟ್ರೋಕ್. ಹಲ್ಲುಜ್ಜಿಸುತ್ತಿದ್ದೆ. ನನ್ನ ಭುಜದ ಮೇಲೇ ಒರಗಿದರು. ಐಸಿಯುನಲ್ಲಿ ಮಾತಿರಲಿಲ್ಲ. "ಅದು" ಎನ್ನುವುದೂ ಇರಲಿಲ್ಲ. ಇಪ್ಪತ್ತೆಂಟಕ್ಕೆ ಹೋದರು. ಶನಿವಾರ.

ಊರಿಗೆ, ದಾವಣಗೆರೆಗೆ ಕೊಂಡೊಯ್ದು ಮಣ್ಣು ಮಾಡಿದೆವು. ಅಕ್ಕ ಇಲ್ಲೇ ಇರು ಎಂದಳು. ಬಂದುಬಿಟ್ಟೆ.

ಅಕ್ಟೋಬರ್ 21

ದಸರಾ ರಜೆ ಮುಗಿಯಿತು. ಅಮರಪ್ಪನವರು ಕುರ್ಚಿ ಎಳೆದುಕೊಟ್ಟರು. ನವೆಂಬರ್‌ನಿಂದ ಇತಿಹಾಸಕ್ಕೆ ಸಿದ್ಧಾರ್ಥ್ ಎನ್ನುವ ಹುಡುಗ ಬರುತ್ತಾನಂತೆ. "ಅಲ್ಲೀತನಕ ರೆಸ್ಟ್ ತಗೊಳ್ಳಿ ಮೇಡಂ. ಶನಿವಾರದ ಆ ಪೀರಿಯಡ್ ಪಿ.ಟಿ. ಮಾಡ್ಸೋಣ." ಬೇಡ ಎಂದೆ.

ಎಂಟನೇ ಬಿ ಎದ್ದು ನಿಂತದ್ದು ಕೂರಲೇ ಇಲ್ಲ. ಊಟಕ್ಕೆ ಬಿಟ್ಟಾಗ ರೇವತಿ ಸ್ಟಾಫ್ ರೂಮ್ ಬಾಗಿಲಿಗೆ ಬಂದಳು. "ಮಿಸ್, ನಮ್ಮವ್ವ ಕೇಳಂದಾಳ್ರಿ. ನೀವು ಉಣ್ಣಾಕತ್ತೀರಿಲ್ಲ ಅಂತ."

ಉಣ್ಣುತ್ತೇನೆ ಎಂದೆ. ಡಬ್ಬಿ ತೆಗೆಯುವವರೆಗೂ ನಿಂತಿದ್ದಳು.

ಅಕ್ಟೋಬರ್ 26, ಶನಿವಾರ

ಕೊನೆಯ ಪೀರಿಯಡ್. ಟಿವಿ ಹಾಕಿದೆ. ನಾಣ್ಯದ ಕೋಣೆಯಾಚೆ ಏನಿದೆ, ನನಗೆ ತಿಳಿಯದು. ಇವರು ಹೇಳಿಕೊಟ್ಟದ್ದು ಅಲ್ಲಿಯ ತನಕ ಮಾತ್ರ.

ಮೌಸ್ ಸಕ್ಲೇನ್ ಕೈಯಲ್ಲಿ. "ಮಿಸ್, ಮುಂದೆ ಹೋಗ್ಲಾ? ಇಲ್ಲೇ ಸಾಕಾ?"

ಹೋಗು ಎಂದೆ.

ನಿಧಾನವಾಗಿ ತೆರೆದುಕೊಂಡಿತು. ಉದ್ದನೆಯ ಕೋಣೆ, ಮಂದ ಬೆಳಕು. ಎಡಗಡೆ ಒಬ್ಬ ಹೆಂಗಸು, ಕಲ್ಲಿನವಳು, ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ. ಎಷ್ಟು ಚೆನ್ನಾಗಿದ್ದಳು. ಮಕ್ಕಳು ಬೆಂಚಿನಿಂದ ಮುಂದಕ್ಕೆ ಬಾಗಿದರು. ಇವರಿಗೆ ಈಗಲೇ ತೋರಿಸಬೇಕು ಎಂದು ಫೋನ್ ತೆಗೆದೆ, ಅಮೃತಮ್ಮನ ನಂಬರು ಒತ್ತಿದೆ. ರಿಂಗ್ ಆಗತೊಡಗಿದ ಮೇಲೆ ನೆನಪಾಯಿತು.