‘ನೆಮ್’ ಎಂಬ ಉದ್ದನೆಯ ಮಾತು

ಅಬೂತೀಗ್, 29 ಮಾರ್ಚ್ 1998, ಭಾನುವಾರ

ನನ್ನ ಕಣ್ಮಣಿ ತಾದ್ರುಸ್,

ಹೇಗಿದ್ದೀಯ ಮಗನೇ? ಬೂಟು ಕಚ್ಚಿದ ಹಿಮ್ಮಡಿ ವಾಸಿಯಾಯಿತೇ? ಮರುಭೂಮಿಯ ಆ ದಂಡಿನಲ್ಲಿ ರಾತ್ರಿ ಬಹಳ ಚಳಿಯಂತೆ, ನಾನು ಕೊಟ್ಟ ಕಂಬಳಿ ಹೊದೆಯುತ್ತಿದ್ದೀಯೋ, ಗೆಳೆಯರಿಗೆ ಹಂಚಿದೆಯೋ? ಉಪವಾಸದ ದಿನಗಳೆಂದು ಬರೀ ಕಾಳು ತಿಂದು ಸೊರಗಬೇಡ. ಮೊದಲು ಇದಕ್ಕೆಲ್ಲ ಉತ್ತರ ಬರೆ, ನಿನ್ನ ಶೌರ್ಯದ ಕಥೆ ಆಮೇಲೆ.

ಇಲ್ಲಿ ದೇವರು ಕಣ್ಣು ಬಿಟ್ಟ. ಲಕ್ವ ಹೊಡೆದ ಮೇಲೆ ಏಳು ವಾರ ನಿಮ್ಮಪ್ಪನ ಬಾಯಿಂದ ಒಂದು ಅಕ್ಷರ ಹೊರಟಿರಲಿಲ್ಲವಲ್ಲ. ಹುಟ್ಟುಕುರುಡ, ಮಾತೂ ಹೋದರೆ ಉಳಿಯುವುದೇನು ಎಂದು ದಿನವೂ ಅತ್ತೆ. ನಲವತ್ತು ವರ್ಷ ಇಗರ್ಜಿಯಲ್ಲಿ ಹಾಡಿದ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಮೊನ್ನೆ ಶುಕ್ರವಾರ ರೊಟ್ಟಿಯ ಹಿಟ್ಟು ಉಬ್ಬಲೆಂದು ಬಿಸಿಲಿಗಿಡಲು ಮಾಳಿಗೆ ಹತ್ತಿದ್ದೆ, ಕೆಳಗಿನಿಂದ ಅವರ ಸ್ತೋತ್ರದ ‘ನೆಮ್’ ಎಂಬ ಪದ ಎದ್ದಿತು ನೋಡು! ಹಿಟ್ಟಿನ ಕೈಯಲ್ಲೇ ಓಡಿ ಇಳಿದೆ, ಅವರಿನ್ನೂ ಅದೇ ಪದದಲ್ಲಿದ್ದರು. ಏರಿ, ಇಳಿದು, ಉಸಿರು ಕದ್ದು, ಮತ್ತೆ ಏರಿ, ಒಂದು ತಿರುವೂ ತಪ್ಪಲಿಲ್ಲ. ಪಕ್ಕದ ಮನೆಯ ಫತ್ಹಿಯಾ "ಏನೇ ಹೆಲಾನಾ, ನಿನ್ ಗಂಡ ಎದ್ದನಲ್ಲೇ!" ಎಂದು ಕಿಟಕಿಯಿಂದಲೇ ಕೂಗಿದಳು. "ಹಾಡು ಬಂತಲ್ಲಮ್ಮ, ಮಾತೂ ಹಿಂದೇನೇ ಬರುತ್ತೆ" ಎಂದರು ಸಂಜೆ ನೋಡಲು ಬಂದ ಡಾಕ್ಟರು. ಆವತ್ತು ನಾನು ಹೊಟ್ಟೆ ತುಂಬ ಉಂಡು ಮಲಗಿದೆ.

ನೀನು ದಂಡಿಗೆ ಹೊರಟ ದಿನ ಇದೇ ಪದಕ್ಕಲ್ಲವೇ ಜಗಳವಾದದ್ದು? "ಅಷ್ಟುದ್ದ ಎಳೀತೀಯಲ್ಲಪ್ಪ, ಇಗರ್ಜಿಯ ಹಳೇ ಭಾಷೇಲಿ ಅರ್ಥ ನೋಡಿದ್ರೆ ಬರೀ ‘ಜೊತೆಗೆ’! ದೇವರ ಹೆಸರು ಮಾತ್ರ ಚಿಟಿಕೆ ಹೊಡೆಯೋದ್ರಲ್ಲಿ ಮುಗಿಸ್ತೀಯ" ಎಂದು ನೀನು ನಕ್ಕಿದ್ದೆ. "ನೆಮ್ ಇಲ್ದಿದ್ರೆ ಸ್ತೋತ್ರದಲ್ಲಿ ತಂದೆ ಒಂದ್ಕಡೆ, ಮಗ ಒಂದ್ಕಡೆ ಕಣೋ. ಹೋಗು, ನಿಂಗೆಲ್ಲಿ ಗೊತ್ತಾಗುತ್ತೆ" ಎಂದು ಅವರು, ನೀನು ಮುತ್ತಿಡಲೆಂದು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ನೀನೂ ತಿರುಗಿ ನೋಡದೆ ಹೊರಟೆ. ನಿಮ್ಮಿಬ್ಬರದೂ ಒಂದೇ ಹಟ, ನಡುವೆ ನವೆದವಳು ನಾನು.

ಫತ್ಹಿಯಾ ಸಲಾಮು ಹೇಳಿದ್ದಾಳೆ. ಮರಿಯಮ್ಮನವರ ಸೆರಗು ನಿನ್ನ ತಲೆಯ ಮೇಲಿರಲಿ.

ನಿನ್ನ ತಾಯಿ,
ಹೆಲಾನಾ

ಮರೆತಿದ್ದೆ: ‘ನೆಮ್’ ಆದಮೇಲೆ ನಿಮ್ಮಪ್ಪ ಮುಂದಕ್ಕೇ ಹೋಗುತ್ತಿಲ್ಲ. ಮುಂದಿನ ಪದ ನಾನು ಎತ್ತಿಕೊಟ್ಟರೆ ಬೇಡವೆಂದು ತಲೆಯಾಡಿಸುತ್ತಾರೆ. ಈಗ ಲಕೋಟೆ ಅಂಟಿಸಲು ಹೊರಟರೆ ಕೈಚಾಚಿ ಇಸಿದುಕೊಂಡರು. ತಮ್ಮ ಎದೆ ಮುಟ್ಟಿಕೊಂಡು, ‘ನೆಮ್’ ಎಂದು ಪೂರ್ತಿ ಹಾಡಿ, ಆಮೇಲೆ ಲಕೋಟೆಯ ಮೇಲೆ ಬೆರಳಿಟ್ಟರು. ಈಸ್ಟರಿಗೆ ರಜೆ ಕೇಳು ಮಗನೇ. ಈ ಸಲ ಅವರು ಕೈ ಎಳೆದುಕೊಳ್ಳುವುದಿಲ್ಲ.